ನುಡಿಗಟ್ಟು ಕಲಿಕೆ: ಟೋಕಿಯೋದಲ್ಲಿ ಹುಟ್ಟಿದ ನಿಘಂಟಿನ ಪಾಠ
ಇಂಗ್ಲಿಷ್ ನುಡಿಗಟ್ಟುಗಳ ಪಟ್ಟಿಯನ್ನು ಉರು ಹೊಡೆಯುವುದು ಪರೀಕ್ಷಾರ್ಥಿಗಳ ರೂಢಿ. ಅಷ್ಟು ಸಾಲದು ಎಂಬುದನ್ನು ಜಪಾನ್ ಬಹಳ ಹಿಂದೆಯೇ ಕಂಡುಕೊಂಡಿತ್ತು. ಸೈತೋ ಹಿದೆಸಬುರೋ 1915ರಲ್ಲೇ ನುಡಿಗಟ್ಟುಗಳಿಗೆ ಒತ್ತುಕೊಟ್ಟ ಇಂಗ್ಲಿಷ್-ಜಪಾನಿ ನಿಘಂಟು ಹೊರತಂದರು. 1922ರಲ್ಲಿ ಅಲ್ಲಿಗೆ ಹೋದ ಭಾಷಾಬೋಧನಾ ತಜ್ಞ ಹೆರಾಲ್ಡ್ ಪಾಮರ್ ಮರುವರ್ಷ ಟೋಕಿಯೋದಲ್ಲಿ ಇಂಗ್ಲಿಷ್ ಬೋಧನೆಯ ಸಂಶೋಧನಾ ಸಂಸ್ಥೆ ಕಟ್ಟಿದರು. ಅವರ ಕೆಲಸ ಮುಂದುವರಿಸಿದ ಎ. ಎಸ್. ಹಾರ್ನ್‌ಬಿ ಸಹೋದ್ಯೋಗಿಗಳೊಡನೆ ರೂಪಿಸಿದ ನಿಘಂಟನ್ನು ಕೈತಕುಶಾ ಪ್ರಕಾಶನ ಸಂಸ್ಥೆ 1942ರಲ್ಲಿ ಪ್ರಕಟಿಸಿತು. ಮಹಾಯುದ್ಧದ ನಡುವೆ, ಶತ್ರುಗಳ ಭಾಷೆಯದು! 1948ರಲ್ಲಿ ಆಕ್ಸ್‌ಫರ್ಡ್ ಮರುಮುದ್ರಿಸಿದ ಅದೇ ಕೃತಿ ಇಂದಿನ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿಯ ಮೂಲ.

ಅರ್ಥದ ಜೊತೆಗೆ ವಾಕ್ಯದ ಮಾದರಿಯನ್ನೂ ಕೊಟ್ಟದ್ದು ಹಾರ್ನ್‌ಬಿ ನಿಘಂಟಿನ ಹೆಚ್ಚುಗಾರಿಕೆ. ‘ಪುಟ್ ಆಫ್’ ಎಂದರೆ ಮುಂದೂಡು, ‘ಲುಕ್ ಆಫ್ಟರ್’ ಎಂದರೆ ನೋಡಿಕೊ ಎಂದಷ್ಟೇ ಪಟ್ಟಿ ಹೇಳುತ್ತದೆ. ‘ಪುಟ್ ಇಟ್ ಆಫ್’ ಸರಿ, ‘ಲುಕ್ ಇಟ್ ಆಫ್ಟರ್’ ತಪ್ಪು ಎಂಬುದು ಗೊತ್ತಾಗುವುದು ವಾಕ್ಯದಲ್ಲಿ ನೋಡಿದಾಗಲೇ. ಸಮಯವಿಲ್ಲ, ಅಂಕಕ್ಕೆ ಪಟ್ಟಿಯೇ ಸಾಕು ಎನ್ನುವವರಿದ್ದಾರೆ. ಅರ್ಥ ಕೇಳುವ ಪ್ರಶ್ನೆಗೆ ಆ ಮಾತು ಒಪ್ಪತಕ್ಕದ್ದೇ. ದೋಷ ಗುರುತಿಸಿ, ಬಿಟ್ಟ ಸ್ಥಳ ತುಂಬಿ ಎಂದಾಗ ಪಟ್ಟಿ ಕೈಕೊಡುತ್ತದೆ. ಪ್ರತಿ ನುಡಿಗಟ್ಟಿಗೂ ಒಂದು ವಾಕ್ಯ ಬರೆದುಕೊಂಡರೆ ಪಟ್ಟಿ ಕಿರಿದಾಗಬಹುದು, ಆದರೆ ಕಲಿತದ್ದು ಎರಡೂ ಬಗೆಯ ಪ್ರಶ್ನೆಗೆ ಒದಗುತ್ತದೆ.