ನಾಯಕನಿಲ್ಲದ ವ್ಯೂಹ

ಸಾವಿರ ಜನರನ್ನು ಮೈದಾನದಲ್ಲಿ ನಕ್ಷತ್ರಾಕಾರವಾಗಿ ನಿಲ್ಲಿಸಬೇಕಾದರೆ ಎತ್ತರದಲ್ಲೊಬ್ಬ ನಾಯಕನನ್ನಿರಿಸಿ, ಅವನ ಆಜ್ಞೆಯಂತೆ ಎಲ್ಲರೂ ನಡೆಯುವಂತೆ ಏರ್ಪಡಿಸುತ್ತೇವೆ. ಆದರೆ ಆ ಒಬ್ಬನ ಧ್ವನಿ ಉಡುಗಿದರೆ ವ್ಯೂಹವೆಲ್ಲ ಕೆಡುವುದು. ನಾಯಕನೇ ಇಲ್ಲದೆ, ಪ್ರತಿಯೊಬ್ಬನೂ ಪಕ್ಕದವರೊಡನೆ ಮಾತ್ರ ಮಾತನಾಡಿ ಈ ಕಾರ್ಯವನ್ನು ಸಾಧಿಸಬಹುದೆ?

ಸಾಧಿಸಬಹುದೆಂಬುದನ್ನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 2014ರಲ್ಲಿ 1024 ಪುಟ್ಟ ರೋಬಾಟುಗಳಿಂದ ತೋರಿಸಿಕೊಟ್ಟರು. ಕಿಲೋಬಾಟ್ ಎಂಬ ಈ ಯಂತ್ರದ ವ್ಯಾಸ ಸುಮಾರು 3.3 ಸೆಂಟಿಮೀಟರ್. ಇದಕ್ಕೆ ಚಕ್ರಗಳಿಲ್ಲ, ಎರಡು ಮೋಟಾರುಗಳ ಕಂಪನದಿಂದ ಮೂರು ಗಟ್ಟಿ ಕಾಲುಗಳ ಮೇಲೆ ಜರುಗುತ್ತದೆ. ಇದು ಮಾತನಾಡುವುದು ಅವಕೆಂಪು ಕಿರಣಗಳ ಮೂಲಕ. ಆ ಮಾತು ಸುಮಾರು 10 ಸೆಂಟಿಮೀಟರಿನಾಚೆ ಕೇಳಿಸದು.

ರಚಿಸಬೇಕಾದ ಆಕೃತಿಯ ನಕ್ಷೆಯನ್ನೂ ನಡೆಯ ನಿಯಮಗಳನ್ನೂ ಎಲ್ಲ ರೋಬಾಟುಗಳಿಗೂ ಮೊದಲೇ ತಿಳಿಸಿರುತ್ತಾರೆ. ಗುಂಪಿನ ಅಂಚಿನಲ್ಲಿ ಗುರುತಿಗಾಗಿ ನಾಲ್ಕು ರೋಬಾಟುಗಳನ್ನು ಇರಿಸುತ್ತಾರೆ. ಅವುಗಳಲ್ಲೊಂದು ‘ನನ್ನ ಸಂಖ್ಯೆ 0’ ಎಂದು ಸಾರುತ್ತದೆ. ಉಳಿದವುಗಳಿಗೆಲ್ಲ ಒಂದೇ ನಿಯಮ: ನೆರೆಯವರಿಂದ ಕೇಳಿದ ಸಂಖ್ಯೆಗಳಲ್ಲಿ ಅತ್ಯಲ್ಪವಾದುದಕ್ಕೆ 1 ಕೂಡಿಸಿ, ಬಂದುದನ್ನು ತನ್ನ ಸಂಖ್ಯೆಯೆಂದು ಸಾರಬೇಕು. 4, 5, 6 ಎಂದು ಕೇಳಿದ ರೋಬಾಟಿನ ಸಂಖ್ಯೆ 5. ಹೀಗೆ ಗುಂಪನ್ನೆಲ್ಲ ಕಾಣದೆಯೇ ಪ್ರತಿಯೊಂದೂ ಮೂಲದಿಂದ ತಾನೆಷ್ಟು ದೂರವೆಂಬುದನ್ನು ಅರಿಯುತ್ತದೆ. ನೆರೆಯವರೆಲ್ಲರಿಗಿಂತ ದೊಡ್ಡ ಸಂಖ್ಯೆಯುಳ್ಳದ್ದು ಅಂಚಿನಲ್ಲಿರುವುದು. ಅದೇ ಮೊದಲು ಹೊರಟು ಗುಂಪಿನ ಅಂಚನ್ನು ಅನುಸರಿಸಿ ಸಾಗುತ್ತದೆ.

ಎಲ್ಲಿ ನಿಲ್ಲಬೇಕು? ದೂರ ಹೆಚ್ಚಿದಂತೆ ಕಿರಣದ ಪ್ರಖರತೆ ಕುಗ್ಗುವುದಷ್ಟೆ. ಆ ಕುಗ್ಗುವಿಕೆಯಿಂದ ರೋಬಾಟು ನೆರೆಯವರ ದೂರವನ್ನು ಅಳೆಯುತ್ತದೆ. ಸ್ಥಾನ ತಿಳಿದ ಮೂರು ನೆರೆಯವರಿಂದ ದೂರ ಗೊತ್ತಾದರೆ ತನ್ನ ಸ್ಥಾನವನ್ನು ರೇಖಾಗಣಿತದಿಂದ ಕಂಡುಕೊಳ್ಳಬಹುದು. ನಕ್ಷೆಯೊಳಗೆ ಪ್ರವೇಶಿಸಿದ ಮೇಲೆ ಅದರ ಗಡಿಯನ್ನು ದಾಟುವಂತಾದಾಗ, ಇಲ್ಲವೆ ಆಗಲೇ ನೆಲೆಸಿದ, ತನ್ನಷ್ಟೇ ಸಂಖ್ಯೆಯುಳ್ಳ ನೆರೆಯನ್ನು ಸೇರಿದಾಗ ಅದು ನಿಲ್ಲುತ್ತದೆ.

ಈ ಸ್ವಾತಂತ್ರ್ಯಕ್ಕೆ ತೆರಬೇಕಾದ ಬೆಲೆ ಕಾಲ. ಒಂದು ಆಕೃತಿ ಪೂರ್ಣವಾಗಲು ಸುಮಾರು 12 ಗಂಟೆ ಹಿಡಿಯಿತು. ಇನ್ನೊಂದು ಅಪಾಯವನ್ನು ವಿದ್ಯಾರ್ಥಿಗಳು ಚೌಕುಳಿ ಹಾಳೆಯ ಮೇಲೆ ತಾವೇ ಕಾಣಬಹುದು. ಮೇಲಿನ ಎಡ ಮೂಲೆಯ ಚೌಕದಲ್ಲಿ 0 ಬರೆದು, ಬಾಹುಗಳಿಂದ ತಾಗಿಕೊಂಡಿರುವ ಚೌಕಗಳನ್ನು ನೆರೆಯವೆಂದೆಣಿಸಿ, ಮೇಲಿನ ನಿಯಮದಂತೆ ಹಾಳೆಯನ್ನು ತುಂಬಿರಿ. ಅನಂತರ ನಡುವಿನ ಒಂದು ಅಡ್ಡಸಾಲನ್ನೆಲ್ಲ ಕಪ್ಪಾಗಿಸಿ ಮತ್ತೆ ಎಣಿಸಿರಿ. ಅದರ ಕೆಳಗಿನ ಚೌಕಗಳಿಗೆ ಸಂಖ್ಯೆಯೇ ದೊರೆಯದು. ಆ ಸಾಲಿನ ಬಲತುದಿಯ ಒಂದೇ ಚೌಕವನ್ನು ತೆರೆದರೆ ಸಾಕು, ಸುದ್ದಿ ಬಳಸುದಾರಿಯಲ್ಲಾದರೂ ಎಲ್ಲವನ್ನೂ ಮುಟ್ಟುವುದು.