ರಿಪೋರ್ಟ್ ನಾರ್ಮಲ್ ಬಂದಮೇಲೂ ಥೈರಾಯ್ಡ್ ಮಾತ್ರೆ ಬೇಕೇ?

ಪ್ರಶ್ನೆ: ನನಗೆ 42 ವರ್ಷ. ಎರಡು ವರ್ಷದಿಂದ ಥೈರಾಯ್ಡ್‌ಗೆ 75 ಮೈಕ್ರೋಗ್ರಾಂ ಮಾತ್ರೆ ನುಂಗುತ್ತಿದ್ದೇನೆ. ಈಗ ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ ನಾರ್ಮಲ್ ಬಂದಿದೆ. ಮಾತ್ರೆ ನಿಲ್ಲಿಸಬಹುದೇ? ತೂಕ ಮಾತ್ರ ಇಳಿದಿಲ್ಲ. ಡೋಸ್ ಹೆಚ್ಚಿಸಿಕೊಂಡರೆ ಇಳಿಯುತ್ತದೆಯೇ?

ಉತ್ತರ: ನೀವಾಗಿಯೇ ನಿಲ್ಲಿಸಬೇಡಿ, ಹೆಚ್ಚಿಸಿಕೊಳ್ಳಲೂ ಬೇಡಿ. ರಿಪೋರ್ಟ್ ನಾರ್ಮಲ್ ಬಂದಿರುವುದು ಮಾತ್ರೆಯ ಬಲದಿಂದ. ಗ್ರಂಥಿ ಗುಣವಾಯಿತೆಂದು ಅದರ ಅರ್ಥವಲ್ಲ. ನೀವು ನುಂಗುವ ಈ ಮಾತ್ರೆ, ಅಂದರೆ ಲಿವೋಥೈರಾಕ್ಸಿನ್, ಜ್ವರದ ಮಾತ್ರೆಯಂತಲ್ಲ. ನಿಮ್ಮ ಗ್ರಂಥಿ ಸಾಕಷ್ಟು ತಯಾರಿಸಲಾರದ ಹಾರ್ಮೋನನ್ನೇ ಅದು ದಿನವೂ ತುಂಬಿಕೊಡುತ್ತದೆ. ಈ ಹಾರ್ಮೋನು ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 7 ದಿನ ಬೇಕು. ಹಾಗಾಗಿ ಬಿಟ್ಟ ಮೊದಲ ವಾರ ಏನೂ ಅನ್ನಿಸದು, ಮಾತ್ರೆಯಿಲ್ಲದೆಯೂ ಚೆನ್ನಾಗಿದ್ದೇನೆ ಎಂಬ ಧೈರ್ಯ ಬಂದುಬಿಡುತ್ತದೆ. ಸುಸ್ತು, ಮಲಬದ್ಧತೆ, ಮುಖದ ಊತ ಆಮೇಲೆ ನಿಧಾನವಾಗಿ ಮರಳುತ್ತವೆ. ಡೋಸ್ ಬದಲಿಸಿದ ಮೇಲೆ 6ರಿಂದ 8 ವಾರ ಕಾದು ರಕ್ತ ಪರೀಕ್ಷಿಸುವುದೂ ಇದೇ ಕಾರಣಕ್ಕೆ. ಹೆರಿಗೆಯ ನಂತರ ಬಂದ ಥೈರಾಯ್ಡ್ ತೊಂದರೆಯಲ್ಲೋ, ಟಿಎಸ್‌ಎಚ್ ಅಲ್ಪಸ್ವಲ್ಪ ಏರಿದ್ದವರಲ್ಲೋ ಮಾತ್ರೆ ಬಿಡಿಸಿ ನೋಡುವುದುಂಟು. ಆದರೆ ಅದನ್ನು ವೈದ್ಯರು ಪರೀಕ್ಷೆ ಮಾಡಿಸುತ್ತಲೇ ಮಾಡಬೇಕು.

ಜೀವನಪೂರ್ತಿ ಮಾತ್ರೆ ನುಂಗಿದರೆ ಕಿಡ್ನಿ ಹಾಳಾಗದೇ ಎಂಬ ಭಯ ಬಹಳ ಜನರಲ್ಲಿದೆ. ದೇಹ ತಾನೇ ತಯಾರಿಸುವ ಹಾರ್ಮೋನನ್ನು ತಕ್ಕ ಪ್ರಮಾಣದಲ್ಲಿ ಕೊಟ್ಟರೆ ಕಿಡ್ನಿಗೆ ಹಾನಿಯಿಲ್ಲ. 1891ರಲ್ಲಿ ಇಂಗ್ಲೆಂಡಿನ ವೈದ್ಯ ಜಾರ್ಜ್ ಮರ್ರೆ ಕುರಿಯ ಥೈರಾಯ್ಡ್ ಸಾರ ಕೊಡಲಾರಂಭಿಸಿದ ಮೊದಲ ಮಹಿಳೆ ಆ ಚಿಕಿತ್ಸೆಯಲ್ಲೇ 28 ವರ್ಷ ಬದುಕಿದರು. ಹಾನಿ ಇರುವುದು ಅತಿಯಾದ ಡೋಸ್‌ನಲ್ಲಿ. ಹೃದಯದ ಬಡಿತ ತಪ್ಪುತ್ತದೆ, ಅದರಲ್ಲೂ ವಯಸ್ಸಾದವರಲ್ಲಿ. ಮುಟ್ಟು ನಿಂತ ಹೆಂಗಸರ ಮೂಳೆ ಸವೆಯುತ್ತದೆ. ಥೈರಾಯ್ಡ್ ಕೊರತೆಯಿಂದ ಏರುವ ತೂಕವೂ ಕೆಲವೇ ಕಿಲೋ, ಅದರಲ್ಲಿ ಬಹುಪಾಲು ಉಪ್ಪು ಮತ್ತು ನೀರು. ಉಳಿದ ತೂಕಕ್ಕಾಗಿ ಈ ಮಾತ್ರೆ ಹೆಚ್ಚಿಸಿಕೊಳ್ಳುವುದು ಹೃದಯವನ್ನು ಒತ್ತೆಯಿಟ್ಟಂತೆ. ಗ್ರಂಥಿ ಪೂರ್ತಿ ನಿಂತವರಿಗೂ ದಿನಕ್ಕೆ ಬೇಕಾಗುವುದು ತೂಕದ ಪ್ರತಿ ಕಿಲೋಗೆ ಸುಮಾರು 1.6 ಮೈಕ್ರೋಗ್ರಾಂ ಅಷ್ಟೆ. ಹೃದ್ರೋಗ ಇರುವವರಿಗೆ 12.5 ಅಥವಾ 25 ಮೈಕ್ರೋಗ್ರಾಂನಿಂದ ಶುರುಮಾಡುತ್ತೇವೆ.

ಡೋಸ್ ಸಾಲದು ಅನ್ನಿಸಿದಾಗ ಮೊದಲು ನೋಡಬೇಕಾದದ್ದು ಬೆಳಗಿನ ಅಡುಗೆಮನೆಯನ್ನು. ಒಲೆಯ ಮೇಲೆ ಹಾಲು ಉಕ್ಕುತ್ತಿರುತ್ತದೆ, ಡಿಕಾಕ್ಷನ್ ಇಳಿದಿರುತ್ತದೆ. ಮಾತ್ರೆ ಬಾಯಿಗೆ ಹಾಕಿಕೊಂಡ ಐದು ನಿಮಿಷಕ್ಕೆ ಕಾಫಿ. ಮಾತ್ರೆ ಮೈಗೆ ಹತ್ತದಂತೆ ಕಾಫಿ ತಡೆಯುತ್ತದೆ. ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ ತಿಂಡಿ ಮಾಡಿ. ಕ್ಯಾಲ್ಸಿಯಂ, ಕಬ್ಬಿಣಾಂಶದ ಮಾತ್ರೆಗಳಿಗೆ 4 ಗಂಟೆ ಅಂತರವಿರಲಿ. ಏಳುತ್ತಲೇ ಕಾಫಿ ಬೇಕೇಬೇಕು ಅನ್ನುವವರು ವೈದ್ಯರಿಗೆ ತಿಳಿಸಿ, ರಾತ್ರಿ ಊಟವಾಗಿ ಮೂರು ಗಂಟೆ ಕಳೆದ ಮೇಲೆ, ದಿನವೂ ಅದೇ ಹೊತ್ತಿಗೆ ಮಾತ್ರೆ ತೆಗೆದುಕೊಳ್ಳಬಹುದು.