ಸಂಗೀತ ಪದವಿ: ಬಾಗೂರಿನ ಹುಡುಗಿ ಆರಿಸಿಕೊಂಡ ದಾರಿ

ಪಿಯುಸಿ ಫಲಿತಾಂಶ ಬಂದ ಮೇಲೆ ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಕಡೆಯ ತಂದೆತಾಯಂದಿರು ನನಗೆ ಫೋನು ಮಾಡುತ್ತಾರೆ. ಮಗಳು ಚೆನ್ನಾಗಿ ಹಾಡುತ್ತಾಳೆ, ಸಂಗೀತದಲ್ಲೇ ಡಿಗ್ರಿ ಮಾಡುತ್ತೇನೆಂದು ಹಟ ಹಿಡಿದಿದ್ದಾಳೆ, ಮಾಡಿಸಬಹುದೇ ಎಂಬುದು ಅವರ ಪ್ರಶ್ನೆ. ಆಮೇಲೆ ಫೋನು ಮಗಳ ಕೈಗೆ ಹೋಗುತ್ತದೆ. ಅವಳು ಕೇಳುವುದು ಇನ್ನೂ ಕಷ್ಟದ್ದು. ಕರ್ನಾಟಕವೋ ಹಿಂದೂಸ್ತಾನಿಯೋ? ಗಾಯನವೋ ವಾದ್ಯವೋ? ಹಾಡುವುದನ್ನೇ ನೆಚ್ಚಿಕೊಳ್ಳಲೋ, ಶಾಸ್ತ್ರ ಓದಿ ಮೇಷ್ಟ್ರಾಗಲೋ? ನಾನೂ ಆ ಕಡೆಯವಳೇ, ಹೊಸದುರ್ಗ ತಾಲ್ಲೂಕಿನ ಬಾಗೂರಿನವಳು. ಇದನ್ನೆಲ್ಲ ಕೇಳೋಣವೆಂದರೆ ಆ ಕಾಲದಲ್ಲಿ ನಮ್ಮೂರಿನಲ್ಲಿ ಸಂಗೀತದ ಪದವಿ ಓದಿದವರು ಯಾರೂ ನನಗೆ ಸಿಗಲಿಲ್ಲ. ಫೋನಿನಲ್ಲಿ ಐದು ನಿಮಿಷಕ್ಕೆ ಹೇಳಿ ಮುಗಿಸುವ ವಿಷಯವೂ ಇದಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಮೈಸೂರಿನ ಮಕ್ಕಳನ್ನಾಗಲಿ ಧಾರವಾಡದ ಮಕ್ಕಳನ್ನಾಗಲಿ ಪದ್ಧತಿಯ ಪ್ರಶ್ನೆ ಅಷ್ಟಾಗಿ ಕಾಡುವುದಿಲ್ಲ. ಅವರ ಊರೇ ಅದನ್ನು ಮೊದಲೇ ಆರಿಸಿಕೊಟ್ಟಿರುತ್ತದೆ. ಚಿತ್ರದುರ್ಗ ಜಿಲ್ಲೆಯವರ ಕಷ್ಟವೇ ಬೇರೆ. ತುಂಗಭದ್ರೆಯ ಆಚೆ ಹಿಂದೂಸ್ತಾನಿ, ಈಚೆ ಕರ್ನಾಟಕ ಎಂದು ಹೇಳುವ ರೂಢಿ ಇದೆ. ಆ ಲೆಕ್ಕದಲ್ಲಿ ನಾವು ಈಚಿನವರು. ಆದರೆ ಬಾಗೂರಿನಲ್ಲಿ ಬೆಳೆದ ಕಿವಿಗೆ ಆ ಗೆರೆ ಗೊತ್ತೇ ಆಗುವುದಿಲ್ಲ. ಚೆನ್ನಕೇಶವನ ಗುಡಿಯ ಉತ್ಸವದಲ್ಲಿ ಓಲಗ ಕೇಳಿದೆ. ಭಜನೆಮನೆಯಲ್ಲಿ ಹಾರ್ಮೋನಿಯಂ, ತಬಲಾ ಇಟ್ಟುಕೊಂಡು ಹೇಳುವ ತತ್ವಪದ ಕೇಳಿದೆ. ಸಾಣೇಹಳ್ಳಿ ನಮ್ಮ ತಾಲ್ಲೂಕಿನದೇ. ಅಲ್ಲಿನ ನವೆಂಬರಿನ ನಾಟಕೋತ್ಸವದಲ್ಲಿ ವಚನಗಾಯನ, ರಂಗಗೀತೆ ಕೇಳುತ್ತ ಎಷ್ಟೋ ರಾತ್ರಿ ಚಳಿಯಲ್ಲಿ ಕೂತಿದ್ದೇನೆ. ಪಕ್ಕದ ಕಡೂರು ತಾಲ್ಲೂಕಿನ ದೇವನೂರು ಲಕ್ಷ್ಮೀಶನ ಊರು. ಜೈಮಿನಿ ಭಾರತವನ್ನು ರಾಗವಾಗಿ ಓದುವ ಹಿರಿಯರು ನಮ್ಮ ಕಡೆಯೂ ಇದ್ದರು. ಓಲಗದ್ದು ದಕ್ಷಿಣಾದಿ, ವಚನದ್ದು ಉತ್ತರಾದಿ ಎಂದು ನನಗೆ ಯಾರೂ ಹೇಳಿರಲಿಲ್ಲ.

ನಾನು ಕಲಿತದ್ದು ಮಾತ್ರ ಕರ್ನಾಟಕ ಪದ್ಧತಿ. ಹೊಸದುರ್ಗದಲ್ಲಿ ಪಾಠ ಹೇಳುತ್ತಿದ್ದವರು ಅದನ್ನು ಹೇಳುತ್ತಿದ್ದರು, ಅಷ್ಟೇ. ಸರಳೆ, ಜಂಟಿ, ಅಲಂಕಾರ, ಗೀತೆ, ವರ್ಣ ದಾಟಿ, ಪರೀಕ್ಷಾ ಮಂಡಳಿಯ ಜೂನಿಯರ್, ಸೀನಿಯರ್ ಎರಡನ್ನೂ ಮುಗಿಸಿದ್ದೆ. ನನ್ನ ಜೊತೆ ಕಲಿತವರೆಲ್ಲ ಮುಂದಿನ ವಿದ್ವತ್ ಪರೀಕ್ಷೆಯ ಮಾತಾಡುತ್ತಿದ್ದರು.

ಪದವಿಯ ವಿಷಯ ಬಂದಾಗ ಮೊದಲು ತೀರ್ಮಾನವಾಗಬೇಕಾದದ್ದು ಬಿ.ಎ.ಯಲ್ಲಿ ಸಂಗೀತವನ್ನು ಒಂದು ಐಚ್ಛಿಕವಾಗಿ ತೆಗೆದುಕೊಳ್ಳುವುದೋ, ಸಂಗೀತವನ್ನೇ ಪೂರ್ತಿ ಓದುವ ಬಿ.ಮ್ಯೂಸಿಕ್ ಅಥವಾ ಬಿ.ಪಿ.ಎ. ಸೇರುವುದೋ ಎಂಬುದು. ಇದರಲ್ಲಿ ನನಗೆ ಹೆಚ್ಚು ಗೊಂದಲವಿಲ್ಲ. ಮನೆಯಲ್ಲಿ ಬೇರೆ ಉದ್ಯೋಗದ ದಾರಿಯೂ ತೆರೆದಿರಲಿ ಎನ್ನುವವರಿಗೆ ಕನ್ನಡ, ಇತಿಹಾಸದಂಥ ವಿಷಯಗಳ ಜೊತೆ ಸಂಗೀತವಿರುವ ಬಿ.ಎ. ಸಾಕು. ದಿನಕ್ಕೆ ನಾಲ್ಕಾರು ಗಂಟೆ ಕೂತು ಅಭ್ಯಾಸ ಮಾಡುವ ಮನಸ್ಸಿದ್ದವರಿಗೆ ಅದು ಸಾಲದು. ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2021ರಲ್ಲಿ ಬಂದ ನಾಲ್ಕು ವರ್ಷದ ಪದವಿಯನ್ನು ರಾಜ್ಯ ಸರ್ಕಾರ 2024ರಲ್ಲಿ ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ತಂದಿತು. ಸಂಗೀತಕ್ಕೆ ಮೂರು ವರ್ಷ ಬಹಳ ಕಡಿಮೆ. ಆದ್ದರಿಂದಲೇ ಆ ಮೂರು ವರ್ಷದಲ್ಲಿ ಏನನ್ನು ಹಿಡಿಯುತ್ತೀರಿ ಎಂಬುದಕ್ಕೆ ಇಷ್ಟು ತೂಕ.

ಹೊಸದುರ್ಗ ರೋಡ್ ಸ್ಟೇಷನ್ನಿನಲ್ಲಿ ಒಂದು ಕಡೆಯ ರೈಲು ಹತ್ತಿದರೆ ಅರಸೀಕೆರೆ ದಾಟಿ ಮೈಸೂರು, ಇನ್ನೊಂದು ಕಡೆಯದು ಹತ್ತಿದರೆ ದಾವಣಗೆರೆ, ಹುಬ್ಬಳ್ಳಿ ದಾಟಿ ಧಾರವಾಡ. ನಾನು ಅರ್ಜಿ ಹಾಕುವ ಮೊದಲು ಎರಡೂ ಊರಿಗೆ ಹೋದೆ. ಮೈಸೂರಿನಲ್ಲಿ ವಿಶ್ವವಿದ್ಯಾಲಯದ ಲಲಿತಕಲಾ ಕಾಲೇಜಿತ್ತು, ಹೆಸರಾಂತ ವಿದ್ವಾಂಸರಿದ್ದರು, ನಾನು ಕಲಿತದ್ದೆಲ್ಲ ಅಲ್ಲಿ ನೇರವಾಗಿ ಮುಂದುವರಿಯುತ್ತಿತ್ತು. ಧಾರವಾಡದ್ದು ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ಮಹಾವಿದ್ಯಾಲಯ. ಮಲ್ಲಿಕಾರ್ಜುನ ಮನ್ಸೂರರು ಹಿಂದೆ ಆ ವಿಶ್ವವಿದ್ಯಾಲಯದ ಸಂಗೀತ ವಿಭಾಗಕ್ಕೆ ನಿರ್ದೇಶಕರಾಗಿದ್ದರು. ಪಂಡಿತ ವೆಂಕಟೇಶ್ ಕುಮಾರ್ ಅವರು ಆಗ ಅಲ್ಲಿ ಪಾಠ ಹೇಳುತ್ತಿದ್ದರು. ತರಗತಿಯ ಬಾಗಿಲ ಬಳಿ ಕೂತು ಒಂದು ಮಧ್ಯಾಹ್ನ ಕೇಳಿದೆ. ಯಾರೋ ಹುಡುಗಿ ತಾನ್‌ಪುರ ಹಿಡಿದು ಮಂದ್ರದ ಷಡ್ಜ ಒಂದನ್ನೇ ಎಳೆಯುತ್ತಿದ್ದಳು. ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಮತ್ತೆ ಅದೇ. ಊರಿಗೆ ಮರಳಿದ ಮೇಲೂ ನನ್ನ ಬಾಯಲ್ಲಿ ಬರುತ್ತಿದ್ದದ್ದು ಆ ನಾದವೇ. ನಾನು ಧಾರವಾಡ ಆರಿಸಿಕೊಂಡೆ, ಹಿಂದೂಸ್ತಾನಿ ಗಾಯನ ತೆಗೆದುಕೊಂಡೆ.

ಇಷ್ಟು ವರ್ಷ ಕಲಿತದ್ದೆಲ್ಲ ನೀರಿಗೆ ಹೋಯಿತಲ್ಲ ಎಂದು ಮನೆಯವರು ಕೊರಗಿದರು. ಅವರಿಗೆ ನಾನು ಹೇಳಿದ್ದು ಮನ್ಸೂರರ ಕಥೆ. ಅವರೂ ಮೊದಲು ಕಲಿತದ್ದು ಕರ್ನಾಟಕ ಸಂಗೀತ. ಆಮೇಲೆ ಮೀರಜಿನ ನೀಲಕಂಠಬುವಾ ಅವರಲ್ಲಿ, ಅನಂತರ ಜೈಪುರ ಘರಾಣೆಯಲ್ಲಿ ತಾಲೀಮು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರ ಗವಾಯಿಗಳು ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತ ಕಲಿತವರು, ನೀಲಕಂಠಬುವಾರಿಂದ ಹಿಂದೂಸ್ತಾನಿ ಪಡೆದವರು. ಅವರೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಎರಡು ಪದ್ಧತಿಯನ್ನೂ ಕಲಿಸಿದರು. ಒಂದರಿಂದ ಇನ್ನೊಂದಕ್ಕೆ ಹೋಗುವುದು ನಮ್ಮ ನಾಡಿನಲ್ಲಿ ಹೊಸದಲ್ಲ. ಸುಲಭವೂ ಅಲ್ಲ.

ಎಷ್ಟು ಕಷ್ಟ ಎಂಬುದು ಒಂದು ಸ್ವರದಲ್ಲಿ ಗೊತ್ತಾಯಿತು. ಕರ್ನಾಟಕ ಪದ್ಧತಿಯ ಮೋಹನ, ಹಿಂದೂಸ್ತಾನಿಯ ಭೂಪ, ಎರಡಕ್ಕೂ ಸ್ವರಗಳು ಅವೇ ಐದು: ಸ ರಿ ಗ ಪ ಧ. ಮೋಹನದ ‘ವರವೀಣಾ’ ಗೀತೆಯನ್ನು ನಮ್ಮ ಕಡೆ ಪಾಠಕ್ಕೆ ಹೋದ ಮಕ್ಕಳೆಲ್ಲ ಹಾಡಿರುತ್ತಾರೆ. ಭೂಪ ಅಂದಾಗ ಇದು ನನಗೆ ಬರುವುದೇ ಎಂದು ಧೈರ್ಯವಾಗಿ ಶುರು ಮಾಡಿದೆ. ಗುರುಗಳು ಗಾಂಧಾರದಲ್ಲೇ ನಿಲ್ಲಿಸಿದರು. ಮೋಹನದ ಗಾಂಧಾರಕ್ಕೆ ಒಂದು ಗಮಕವಿದೆ, ಅದು ಒಲೆಯುತ್ತದೆ. ಭೂಪದ ಗಾಂಧಾರ ನಿಲ್ಲಬೇಕು, ಅಲುಗಬಾರದು. ಪಂಚಮದಿಂದ ಮೀಂಡಿನಲ್ಲಿ ಜಾರಿ ಬಂದು ಅಲ್ಲಿ ಕೂರಬೇಕು. ನನ್ನ ಗಂಟಲಿಗೆ ಅದು ಬಾರದು. ಸ್ವರ ಸರಿಯಾದ ಜಾಗದಲ್ಲೇ ಇರುತ್ತಿತ್ತು, ಆದರೆ ತಾನಾಗಿ ಅಲುಗಿಬಿಡುತ್ತಿತ್ತು. ಗುರುಗಳು ಬೈಯಲಿಲ್ಲ. “ಅದನ್ನ ಮರೀಬ್ಯಾಡ, ಇದನ್ನ ಬ್ಯಾರೆ ಇಡು” ಅಂದರು. ಆ ಸೆಮಿಸ್ಟರ್ ಹೆಚ್ಚೂಕಡಿಮೆ ಗಾಂಧಾರದಲ್ಲೇ ಕಳೆಯಿತು.

ಇನ್ನೊಂದು ಕಷ್ಟ ಕೈಯದು. ಕರ್ನಾಟಕ ಪದ್ಧತಿಯಲ್ಲಿ ಹಾಡುವವರೇ ಕೈಯಲ್ಲಿ ತಾಳ ಹಾಕುತ್ತಾರೆ. ಆದಿತಾಳದ ಎಂಟು ಅಕ್ಷರ ತೊಡೆಯ ಮೇಲೆ ಕಾಣಿಸುತ್ತಿರುತ್ತದೆ. ವಿಲಂಬಿತ ಏಕತಾಲದಲ್ಲಿ ಹನ್ನೆರಡು ಮಾತ್ರೆ, ಒಂದೊಂದು ಮಾತ್ರೆ ನಾಲ್ಕು ಭಾಗವಾಗುವಷ್ಟು ನಿಧಾನ. ಅದನ್ನು ತಬಲೆಯ ಠೇಕಾ ಹಿಡಿದಿರುತ್ತದೆ. ಹಾಡುವವರು ಅದನ್ನು ಕೇಳುತ್ತ ಬೆಳೆಸಿಕೊಂಡು ಹೋಗಿ ಸಮ್‌ಗೆ, ಅಂದರೆ ಆವರ್ತದ ಮೊದಲ ಮಾತ್ರೆಗೆ, ಬಂದು ಸೇರಬೇಕು. ನನ್ನ ಬೆರಳು ಎಣಿಸುವುದನ್ನು ಬಿಡಲೇ ಇಲ್ಲ. ಕೊನೆಗೆ ಗುರುಗಳು ಹಾಡುವಾಗಲೆಲ್ಲ ತಾನ್‌ಪುರವನ್ನು ನನ್ನ ಕೈಗೇ ಕೊಟ್ಟರು. ಬೆರಳು ತಂತಿಯ ಮೇಲೆ ಹೋದ ಮೇಲೆ ಎಣಿಕೆ ನಿಂತಿತು, ತಬಲೆ ಕೇಳಿಸತೊಡಗಿತು. ಶ್ರುತಿಯ ಹೆಸರು ಕೂಡ ಬದಲಾಗಿತ್ತು: ಹೊಸದುರ್ಗದಲ್ಲಿ ನನ್ನದು ಐದೂವರೆ ಮನೆ, ಧಾರವಾಡದಲ್ಲಿ ಅದೇ ಕಾಳಿ ಚಾರ್.

ಹೀಗೆ ಪದ್ಧತಿ ಬದಲಿಸುವವರಿಗೆ ನಾನು ಹೇಳುವುದಿಷ್ಟು. ಮೊದಲ ವರ್ಷ ನಿಮಗಿಂತ ಕಡಿಮೆ ಕಲಿತು ಬಂದವರು ನಿಮಗಿಂತ ಚೆನ್ನಾಗಿ ಹಾಡುತ್ತಾರೆ. ಅವರ ಗಂಟಲಿನಲ್ಲಿ ಕಳಚಬೇಕಾದದ್ದು ಏನೂ ಇರುವುದಿಲ್ಲ. ಅಂಕವೂ ಅವರಿಗೇ ಹೆಚ್ಚು ಬರಬಹುದು. ಎರಡನೆಯ ವರ್ಷದ ಹೊತ್ತಿಗೆ ನೀವು ಮೊದಲು ಕಲಿತದ್ದು ಕೈಹಿಡಿಯುತ್ತದೆ. ಸ್ವರಜ್ಞಾನ, ಲಯ, ಸಾಹಿತ್ಯವನ್ನು ಬಾಯಿಪಾಠದಲ್ಲಿ ಇಟ್ಟುಕೊಳ್ಳುವ ರೂಢಿ, ಇವು ಯಾವ ಪದ್ಧತಿಗೆ ಹೋದರೂ ಜೊತೆಗೆ ಬರುತ್ತವೆ. ಆದರೆ ಪದವಿ ಮುಗಿಯುವವರೆಗೆ ಎರಡನ್ನೂ ಒಟ್ಟಿಗೆ ಸಾಧಿಸುತ್ತೇನೆ ಎನ್ನಬೇಡಿ. ಎರಡನ್ನೂ ಅರಗಿಸಿಕೊಂಡ ಗವಾಯಿಗಳಂಥವರು ಇದ್ದರು; ಅವರದು ಜೀವಮಾನದ ತಪಸ್ಸು, ಆರು ಸೆಮಿಸ್ಟರಿನದಲ್ಲ.

ಗಾಯನವೋ ವಾದ್ಯವೋ ಎಂಬ ವಿಷಯದಲ್ಲಿ ನಮ್ಮ ಹಳ್ಳಿಗಳಿಂದ ಹೋಗುವವರು ಯೋಚನೆಯನ್ನೇ ಮಾಡುವುದಿಲ್ಲ. ಗಂಟಲಿಗೆ ದುಡ್ಡು ಕೊಡಬೇಕಿಲ್ಲ, ವೀಣೆಗೆ, ಸಿತಾರಿಗೆ ಕೊಡಬೇಕು. ಹೀಗಾಗಿ ಎಲ್ಲರೂ ಗಾಯನಕ್ಕೇ ನಿಲ್ಲುತ್ತಾರೆ. ನನ್ನ ತರಗತಿಯಲ್ಲೂ ಹಾಗೇ ಆಗಿತ್ತು. ಇದು ಬದಲಾಗಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಹಾಡುವವರು ನೂರು ಜನ ಇರುವ ಕಡೆ ಒಳ್ಳೆಯ ತಬಲಾ, ಮೃದಂಗ, ಪಿಟೀಲು ನುಡಿಸುವವರು ಬೆರಳೆಣಿಕೆಯಷ್ಟು. ದಾವಣಗೆರೆ, ಚಿತ್ರದುರ್ಗಗಳಲ್ಲಿ ಕಛೇರಿ ಏರ್ಪಡಿಸುವವರು ಪಕ್ಕವಾದ್ಯಕ್ಕೆ ಬೆಂಗಳೂರಿಗೋ ಹುಬ್ಬಳ್ಳಿಗೋ ಫೋನು ಮಾಡುವುದನ್ನು ನಾನು ನೋಡುತ್ತಲೇ ಇದ್ದೇನೆ. ನಿಮ್ಮ ಮಗ ಭಜನೆಯಲ್ಲಿ ಹಾಡುವುದಕ್ಕಿಂತ ತಬಲೆಯ ಹತ್ತಿರವೇ ಹೋಗಿ ಕೂರುತ್ತಾನೆ ಅಂದರೆ ಅವನನ್ನು ಗಾಯನಕ್ಕೆ ಸೇರಿಸಬೇಡಿ. ಹೆಣ್ಣುಮಕ್ಕಳಿಗೂ ಈ ಮಾತು ಸಲ್ಲುತ್ತದೆ. ತಾಳವಾದ್ಯ ಗಂಡುಮಕ್ಕಳದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಉದ್ಯೋಗದ ಮಾತಿಗೆ ಬರುತ್ತೇನೆ, ತಂದೆತಾಯಂದಿರು ಕಾಯುತ್ತಿರುವುದು ಇದಕ್ಕೇ. ಸರ್ಕಾರಿ ಶಾಲೆಗಳಲ್ಲಿ ಸಂಗೀತ ಶಿಕ್ಷಕರ ಹುದ್ದೆ ತೀರ ಕಡಿಮೆ. ಹಿರಿಯೂರು ತಾಲ್ಲೂಕಿನ ಉಡುವಳ್ಳಿಯಲ್ಲಿರುವಂಥ ನವೋದಯ ವಿದ್ಯಾಲಯಗಳಲ್ಲಿ ಸಂಗೀತದ ಹುದ್ದೆ ಇರುತ್ತದೆ, ಅದಕ್ಕೆ ದೇಶದ ಎಲ್ಲ ಕಡೆಯಿಂದ ಪೈಪೋಟಿ. ಆಕಾಶವಾಣಿಯಲ್ಲಿ ಆಡಿಷನ್ ಕೊಟ್ಟು ಶ್ರೇಣಿ ಪಡೆಯಬಹುದು. ಅದು ಗೌರವ, ಸಂಬಳವಲ್ಲ. ಕಾಲೇಜಿನಲ್ಲಿ ಪಾಠ ಹೇಳಬೇಕೆಂದರೆ ಸ್ನಾತಕೋತ್ತರ ಪದವಿ, ಅದರ ಮೇಲೆ ಎನ್‌ಇಟಿ ಅಥವಾ ಕೆ-ಸೆಟ್. ಎನ್‌ಇಟಿಯ ಸಂಗೀತ ಪತ್ರಿಕೆಯಲ್ಲಿ ಹಿಂದೂಸ್ತಾನಿ, ಕರ್ನಾಟಕ, ತಾಳವಾದ್ಯ ಹೀಗೆ ಬೇರೆ ಬೇರೆ ವಿಭಾಗಗಳಿವೆ. ಹದಿನೆಂಟನೆಯ ವಯಸ್ಸಿನಲ್ಲಿ ಅರ್ಜಿಯಲ್ಲಿ ಗುರುತು ಹಾಕಿದ ವಿಷಯ ಅಲ್ಲಿಯವರೆಗೂ ಹಿಂದೆ ಬರುತ್ತದೆ. ನಮ್ಮಲ್ಲಿ ಹೆಚ್ಚಿನವರ ಜೀವನ ನಡೆಯುವುದು ಮನೆಪಾಠದಿಂದ, ಖಾಸಗಿ ಶಾಲೆಯಿಂದ, ಜೊತೆಗೆ ಕಾರ್ಯಕ್ರಮಗಳಿಂದ. ನನ್ನದೂ ಹೀಗೆಯೇ ನಡೆದಿದೆ. ಹೊಟ್ಟೆಗೆ ಕೊರತೆಯಾಗಿಲ್ಲ, ಐಷಾರಾಮವೂ ಇಲ್ಲ.

ಸಂಗೀತಶಾಸ್ತ್ರವನ್ನು ಹಾಡಲು ಬಾರದವರ ವಿಷಯವೆಂದು ಹುಡುಗರು ತಾತ್ಸಾರ ಮಾಡುತ್ತಾರೆ. ನಮ್ಮ ಜಿಲ್ಲೆಯ ಮಕ್ಕಳಿಗೆ ಇದರಲ್ಲಿ ಮಾಡಲು ಬೇಕಾದಷ್ಟು ಕೆಲಸವಿದೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಸಾವಿರಾರು ಪದಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದ ಕಾಡುಗೊಲ್ಲರ ಹಾಡುಗಾರ್ತಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವ ಪಡೆದವರು. ಅವರ ಪದಗಳ ಸಾಹಿತ್ಯವನ್ನು ಜಾನಪದ ವಿದ್ವಾಂಸರು ಬರೆದಿಟ್ಟಿದ್ದಾರೆ. ಇಂಥ ಪದಗಳ ಧಾಟಿಯನ್ನು, ಕಾಡುಗೊಲ್ಲರು ತಮ್ಮ ದೈವ ಜುಂಜಪ್ಪನ ಪದಕ್ಕೆ ಊದುವ ಗಣೆಯೆಂಬ ಕೊಳಲಿನ ನಾದವನ್ನು ಸ್ವರ, ಲಯದ ಕಣ್ಣಿನಿಂದ ಕೂತು ನೋಡುವವರು ಸಂಗೀತದ ವಿದ್ಯಾರ್ಥಿಗಳಲ್ಲಿ ಬೇಕು. ಗಾಯನ, ವಾದ್ಯ, ನೃತ್ಯ ಎಂದು ಪಟ್ಟಿ ಕೊಡುವ ಅರ್ಜಿಯಲ್ಲಿ ಈ ಅಜ್ಜಿಯರ ಹಾಡಿಗೆ ಒಂದು ಕಾಲಂ ಇದ್ದದ್ದನ್ನು ನಾನು ಕಾಣೆ. ಇರಬೇಕು ಎಂಬುದು ನನ್ನ ಆಸೆ. ಅಲ್ಲಿಯವರೆಗೆ ಕೊನೆಯ ವರ್ಷದ ಪ್ರಬಂಧಕ್ಕಾದರೂ ನಿಮ್ಮ ಹಟ್ಟಿಯ ಹಾಡನ್ನೇ ತೆಗೆದುಕೊಳ್ಳಿ. ಕಾವ್ಯವನ್ನು ರಾಗವಾಗಿ ಓದುವ ಗಮಕ ಕಲೆಗೂ ಇದೇ ಮಾತು ಹೇಳುತ್ತೇನೆ. ಜೈಮಿನಿ ಭಾರತದ ವಾರ್ಧಕ ಷಟ್ಪದಿಯನ್ನು ನಮ್ಮ ಹಿರಿಯರು ಯಾವ ಯಾವ ರಾಗದಲ್ಲಿ ಓದುತ್ತಿದ್ದರೆಂದು ಕೇಳಿ ಬರೆದುಕೊಳ್ಳಲು ಇನ್ನು ಹೆಚ್ಚು ಕಾಲವಿಲ್ಲ.

ಈಗ ಮೈಸೂರಿನಲ್ಲಿ ಡಾ. ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವೇ ಇದೆ. ಹಿಂದೂಸ್ತಾನಿ, ಕರ್ನಾಟಕ ಎರಡೂ ಒಂದೇ ಕಡೆ ಸಿಗುತ್ತವೆ. ನನ್ನ ಕಾಲದ ಹಾಗೆ ಪದ್ಧತಿಗೊಂದು ಊರು ಎಂದು ಕಟ್ಟುಬೀಳಬೇಕಿಲ್ಲ. ಆದರೂ ವಿವರಣಾ ಪುಸ್ತಕ ನೋಡಿ, ಮೊಬೈಲಿನಲ್ಲಿ ವಿಡಿಯೊ ನೋಡಿ ವಿಷಯ ಆರಿಸಬೇಡಿ. ಕಾಲೇಜಿಗೆ ಹೋಗಿ. ಪ್ರಾಯೋಗಿಕ ತರಗತಿ ವಾರಕ್ಕೆ ಎಷ್ಟು, ಒಬ್ಬ ಗುರುವಿನ ಮುಂದೆ ಎಷ್ಟು ಮಕ್ಕಳು ಕೂರುತ್ತಾರೆ, ಹಾಡುವಾಗ ತಬಲೆಗೋ ಮೃದಂಗಕ್ಕೋ ಜನವಿರುತ್ತಾರೋ ಇಲ್ಲವೋ, ಸಂಜೆ ಅಭ್ಯಾಸಕ್ಕೆ ಕೊಠಡಿ ತೆರೆದಿರುತ್ತದೋ, ಹಾಸ್ಟೆಲಿನಲ್ಲಿ ಬೆಳಿಗ್ಗೆ ಐದಕ್ಕೆ ಶ್ರುತಿ ಹಿಡಿದರೆ ಬೈಯುತ್ತಾರೋ, ಎಲ್ಲವನ್ನೂ ಅಲ್ಲಿ ಓದುತ್ತಿರುವ ಮಕ್ಕಳನ್ನೇ ಕೇಳಿ. ಗುರುಗಳ ಅನುಮತಿ ಪಡೆದು ಒಂದು ಪಾಠ ಪೂರ್ತಿ ಕೂತು ಕೇಳಿ. ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಿ, ಅವರೂ ಕೇಳಲಿ. ಇಷ್ಟು ಮಾಡಿಬಂದ ಮೇಲೆ ನನಗೆ ಫೋನು ಮಾಡಿ, ಎಷ್ಟು ಹೊತ್ತಾದರೂ ಮಾತಾಡುತ್ತೇನೆ.